ಚಳಿ ಸೋಫಿಗೆ ಮುಂಚೆ ಹೊರಬಂದ ಮರ

ಮೇ ತಿಂಗಳ ನಡುವೆ, ಚಳಿ ಕೊನೆಯ ಸಲ ಮರಳುವ ಹೊತ್ತಿಗೆ, ಹಿಮಸಂತರೆಂದು ಕರೆಯುವ ಸಂತರ ದಿನಗಳು ಬರುತ್ತವೆ. ಅವರಲ್ಲಿ ಕೊನೆಯವಳಾದ ಚಳಿ ಸೋಫಿಯ ದಿನ ದಾಟುವ ತನಕ ನಮ್ಮೂರಿನಲ್ಲಿ ಯಾರೂ ಒಂದು ಟೊಮೆಟೊ ಸಸಿಯನ್ನೂ ಹೊರಗಿಡುವುದಿಲ್ಲ. ಆ ವರ್ಷ ಡೆಟ್ಲೆಫ್ ಅರಮನೆಯ ಕಿತ್ತಳೆಮನೆಯಲ್ಲಿದ್ದ ಮರಗಳನ್ನೆಲ್ಲ ಅದಕ್ಕೂ ಮೊದಲೇ ಹೊರಗೆ ಸಾಗಿಸಿದ. ಒಳಗೆ ಮದುವೆಯೊಂದು ನಿಗದಿಯಾಗಿತ್ತು.

ಅವನನ್ನು ಪೂರ್ತಿ ದೂರಲಾರೆ. ಹಿಮ ಬೀಳುವ ಸ್ಯಾಕ್ಸನಿಯಲ್ಲೂ ತನ್ನ ಮನೆಯಲ್ಲಿ ಕಿತ್ತಳೆ ಹಣ್ಣಾಗುತ್ತದೆಂದು ನೆಂಟರಿಗೆ ತೋರಿಸಲು ಹಿಂದಿನ ರಾಜನೊಬ್ಬ ಕಟ್ಟಿಸಿದ ಕಟ್ಟಡ ಅದು. ಉತ್ತರಕ್ಕೆ ದಪ್ಪ ಗೋಡೆ, ದಕ್ಷಿಣಕ್ಕೆ ನೆಲದಿಂದ ಸೂರಿನವರೆಗೆ ಗಾಜು. ರಾಜರು ಹೋದರು, ತೊಟ್ಟಿಗಳಲ್ಲಿದ್ದ ಮರಗಳು ಉಳಿದವು. ಈಗ ಆ ಗಾಜಿನ ಬೆಳಕು ಮದುಮಕ್ಕಳಿಗೆ ಬೇಕು. ಅವರು ಕೊಡುವ ಬಾಡಿಗೆಯಿಂದಲೇ ಚಳಿಗಾಲದಲ್ಲಿ ಮರಗಳು ಬೆಚ್ಚಗಿರುತ್ತವೆ. ಮೇಲ್ವಿಚಾರಕನಾದ ಡೆಟ್ಲೆಫ್ ಎರಡನ್ನೂ ತೂಗಿಸಬೇಕಿತ್ತು.

ಬಂದವರಿಗೆ ಮರಗಳನ್ನು ತೋರಿಸಿ ಅವುಗಳ ಕಥೆ ಹೇಳುವುದು ನನ್ನ ಕೆಲಸ. ಅದಕ್ಕೆ ಮುಂಚೆ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ಡೆಟ್ಲೆಫ್, ತೋಟ ನೋಡಿಕೊಳ್ಳುವ ಹೆನ್ರಿಕೆ, ಇಬ್ಬರೂ ನನ್ನ ತರಗತಿಯಲ್ಲಿ ಕೂತವರೇ.

ಮದುವೆಯ ಮಧ್ಯಾಹ್ನ ಗಾಳಿ ನಿಂತಿತು. ಮೋಡ ಸರಿದು ಆಕಾಶ ತೊಳೆದಂತಾಯಿತು. ನೆಂಟರೆಲ್ಲ ಹಿಗ್ಗಿದರು, ಹೆನ್ರಿಕೆ ಮಾತ್ರ ಡೆಟ್ಲೆಫ್ ಇದ್ದಲ್ಲಿಗೆ ಓಡಿಬಂದಳು.

“ಮೋಡ ಇಲ್ದಿದ್ರೆ ರಾತ್ರಿ ಹೆಪ್ಪುಗಟ್ಟುತ್ತೆ. ಚಿಕ್ಕವನ್ನ ಮುಚ್ಚಿದ್ರೆ ಬದುಕ್ತವೆ. ಅಜ್ಜಿ ಒಳಗೆ ಹೋಗ್ಲೇಬೇಕು, ಡೆಟ್ಲೆಫ್.”

ಅಜ್ಜಿ ಎಂದರೆ ಎಲ್ಲಕ್ಕಿಂತ ಹಳೆಯ ಕಹಿಕಿತ್ತಳೆ ಮರ. ಯುದ್ಧ ಮುಗಿದ ಮೇಲಿನ ಚಳಿಗಾಲದಲ್ಲಿ ಊರವರು ತಮ್ಮ ಕುರ್ಚಿಗಳನ್ನೇ ಇಲ್ಲಿನ ಒಲೆಗೆ ಹಾಕಿ ಉಳಿಸಿಕೊಂಡದ್ದು.

“ಒಳಗೆ ಮೇಜಿಗೆ ಬಟ್ಟೆ ಹಾಸಿ ಆಗಿದೆ. ಊಟದ ಮಧ್ಯೆ ಮಣ್ಣಿನ ತೊಟ್ಟಿ ಎಳ್ಕೊಂಡು ಹೋಗ್ಲಾ? ಆಮೇಲೆ ಯಾರೂ ಇಲ್ಲಿ ಮದುವೆ ಮಾಡ್ಕೊಳ್ಳಲ್ಲ. ಚಳಿಗಾಲದಲ್ಲಿ ನಿನ್ನ ಅಜ್ಜಿನ ನೀನೇ ಊದಿ ಬೆಚ್ಚಗಿಡು.”

“ಸೋಫಿ ದಾಟ್ಲಿ ಅಂತ ಬಡ್ಕೊಂಡೆ. ಅವಳೇನು ನಿನ್ನ ಚಿಕ್ಕಮ್ಮನಾ, ನಿನ್ನ ಅನುಕೂಲ ನೋಡ್ಕೊಂಡು ಬರೋಕೆ?”

“ಮೇಡಂ, ಇವಳಿಗೆ ಸ್ವಲ್ಪ ಹೇಳಿ.”

“ನಾನು ಮದುಮಗಳಿಗೆ ಹೇಳ್ತೀನಿ ಕಣಪ್ಪ,” ಎಂದೆ.

ಮದುಮಗಳು ಯೋರ್ಡಿಸ್ ಕೈಯಲ್ಲಿದ್ದ ಲೋಟವನ್ನು ಪಕ್ಕಕ್ಕಿಟ್ಟು ನನ್ನ ಮಾತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗಂಡನ ಕಡೆಯವರತ್ತ ತಿರುಗಿದಳು. “ಮಾವ, ಕೋಟು ಬಿಚ್ಚಿ. ಚಿಕ್ಕಪ್ಪ, ನೀವೂ ಬನ್ನಿ. ಕುಣಿಯೋಕೆ ಬರಲ್ಲ ಅಂದ್ರಲ್ಲ, ಎಳೆಯೋಕಾದ್ರೂ ಬರುತ್ತಲ್ಲ?”

ಅಷ್ಟರಲ್ಲಿ ಅಡುಗೆಯಾಕೆ, ಯಾರೂ ಕೇಳದೆಯೇ, ಮೇಜಿನ ಬಿಳಿ ಬಟ್ಟೆಗಳನ್ನು ಎಳೆದು ತೋಳ ಮೇಲೆ ಹೇರಿಕೊಂಡು ಹೊರಗೆ ಬಂದಳು. ಹೆಂಗಸರು ಅವನ್ನು ಚಿಕ್ಕ ಮರಗಳಿಗೆ ಹೊದಿಸಿದರು.

ಅಜ್ಜಿಯ ತೊಟ್ಟಿಯನ್ನು ತಗ್ಗು ಗಾಡಿಯ ಮೇಲೇರಿಸುವಾಗಲೇ ಹುಲ್ಲು ತಣ್ಣಗಾಗಿತ್ತು. ಸೂರ್ಯ ಪಾಪ್ಲರ್ ಮರಗಳ ಸಾಲಿನ ಹಿಂದೆ ಇಳಿದಿದ್ದ. ಹಿಂದೆ ಗಂಡಸರು, ಮುಂದೆ ಡೆಟ್ಲೆಫ್, ಕಾಂಡ ಹಿಡಿದುಕೊಂಡು ಹೆನ್ರಿಕೆ. ಮುಂದಿನ ಚಕ್ರಗಳು ಹೊಸ್ತಿಲು ದಾಟಿದವು. ಹಿಂದಿನವು ಅದರ ಮೇಲೇರುತ್ತಿದ್ದಂತೆ ಗಾಡಿಯ ಅಚ್ಚು ಮುರಿಯಿತು.

ತೊಟ್ಟಿ ವಾಲಿತು. ಅದರ ಹಲಗೆಗಳು ಕಿರುಗುಟ್ಟಿದವು.

“ಬಿಡ್ಬೇಡಿ,” ಎಂದಳು ಹೆನ್ರಿಕೆ. “ತೊಟ್ಟಿ ಒಡೆದ್ರೆ ಬೇರು ಹೋಗುತ್ತೆ.”

ಮಾವನವರು ತಮ್ಮ ಬೆನ್ನನ್ನೇ ತೊಟ್ಟಿಗೆ ಒತ್ತಿ ನಿಂತರು. ಡೆಟ್ಲೆಫ್ ಒಂದು ಮೇಜಿನ ಕಾಲು ಕಿತ್ತು ತಂದು, ಮಂಡಿಯೂರಿ ಅಡಿಗೆ ತುರುಕಿದ. ತೊಟ್ಟಿ ನಿಂತಿತು, ಆದರೆ ಇನ್ನು ಒಳಕ್ಕೂ ಬಾರದು, ಹೊರಕ್ಕೂ ಹೋಗದು. ಮರದ ಅರ್ಧ ಒಳಗೆ, ಅರ್ಧ ಹೊರಗೆ. ಬಾಗಿಲು ಹಾಕುವಂತಿಲ್ಲ.

ಡೆಟ್ಲೆಫ್ ತನ್ನ ಕೈ ನೋಡಿಕೊಂಡ. “ಮದುವೆನೂ ಹೋಯ್ತು, ಮರನೂ ಹೋಯ್ತು.”

“ಮೇಜಿನ ಹಲಗೆ ಬಿಚ್ಚಿ,” ಎಂದಳು ಯೋರ್ಡಿಸ್. “ತಟ್ಟೆ ತೊಡೆ ಮೇಲಿಟ್ಕೊಂಡು ತಿಂತೀವಿ.”

ಹಲಗೆಗಳನ್ನು ಬಾಗಿಲ ಸಂದಿಗೆ ನಿಲ್ಲಿಸಿದೆವು, ಬಿರುಕುಗಳಿಗೆ ಕೋಟು ತುರುಕಿದೆವು. ಉಳಿದ ಬಟ್ಟೆಗಳನ್ನೆಲ್ಲ ಹೊರಗಿನ ಕೊಂಬೆಗಳಿಗೆ ಸುತ್ತಿದೆವು. ಒಳಗೆ ಬಾಯಿಂದ ಹಬೆ ಹೊರಡುತ್ತಿತ್ತು. ಆ ಚಳಿಯಲ್ಲೇ ನೆಂಟರು ಒತ್ತಿಕೊಂಡು ಕೂತು ಆಲೂಗಡ್ಡೆ ಸೂಪು ಕುಡಿದರು. ಹೆನ್ರಿಕೆ ಕಾಂಡದಿಂದ ಕದಲಲಿಲ್ಲ. ಮದುಮಗಳೇ ಅವಳಿಗೊಂದು ಬಟ್ಟಲು ಒಯ್ದು ಕೊಟ್ಟು, ಬೆರಳು ಬೆಚ್ಚಗಾಗುವ ತನಕ ತಾನೂ ಅದನ್ನು ಹಿಡಿದು ನಿಂತಳು.

ಬೆಳಗಾದಾಗ ಹುಲ್ಲೆಲ್ಲ ಬೆಳ್ಳಗಾಗಿತ್ತು. ಹೊರಗಿನ ಕೊಂಬೆಗಳ ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು.

ಸತ್ತದ್ದೆಷ್ಟು ಎಂದು ತಿಳಿಯುವ ತನಕ ಹೆನ್ರಿಕೆ ಗರಗಸ ಮುಟ್ಟಲಿಲ್ಲ. ಜೂನ್ ಬರುವ ತನಕ ದಿನವೂ ಉಗುರಿನಿಂದ ತೊಗಟೆ ಗೀರಿ ನೋಡುತ್ತಿದ್ದಳು. ಒಳಗಿದ್ದ ಭಾಗದಲ್ಲಿ ಹಸಿರು, ಅಂದರೆ ಜೀವ. ಇನ್ನೊಂದು ಭಾಗದಲ್ಲಿ ತುದಿಯಿಂದ ಇಳಿಯುತ್ತಾ ಬಂದರೂ ಕಂದು, ಮತ್ತೆ ಕಂದು. ಡೆಟ್ಲೆಫ್ ದೂರದಿಂದ ನೋಡಿ ತನ್ನ ಕೋಣೆಗೆ ಹೋಗಿಬಿಡುತ್ತಿದ್ದ.

ಒಂದು ಬೆಳಿಗ್ಗೆ ಕಾಂಡಕ್ಕೆ ತೀರ ಹತ್ತಿರ ಗೀರಿದಾಗ ಅವಳ ಕೈ ನಿಂತಿತು.

“ಇಲ್ಲಿಂದ ಮೇಲೆ ಹೋಯ್ತು ಮೇಡಂ. ಇಲ್ಲಿಂದ ಕೆಳಗೆ ಇದಾಳೆ.”

ಗರಗಸ ಹಚ್ಚುವಷ್ಟರಲ್ಲಿ ಡೆಟ್ಲೆಫ್ ಬಂದ. ಕಡಿದ ಕೊಂಬೆ ತನ್ನ ಭಾರಕ್ಕೆ ಬಿದ್ದರೆ ಬದುಕಿದ ತೊಗಟೆಯನ್ನೂ ಸೀಳುತ್ತದೆಂದು ಅವನಿಗೂ ಗೊತ್ತು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಅದರ ಕೆಳಗೆ ನಿಂತು ಹೆಗಲು ಕೊಟ್ಟ.

ಹೆನ್ರಿಕೆ ಗರಗಸವನ್ನು ಕೊಂಬೆಯ ಬುಡಕ್ಕಿಟ್ಟಳು.

“ಇನ್ನೂ ಸ್ವಲ್ಪ ಎತ್ತಿ ಹಿಡಿ,” ಎಂದಳು.