ಮುಕ್‌ನ ಕೊರಳ ಮೇಲಿನ ಕೈ

ಲೂವಾ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಅಂಗಡಿಯೊಳಗೆ ಬಂದಳು. ಗೋಡೆಯ ತುಂಬ ಸತ್ತವರ ಮುಖಗಳು. ಹಾಯ್ ಫೋಂಗ್ ಪಟ್ಟಣದ ಆ ಓಣಿಯಲ್ಲಿ ಥಿಪ್ ಮಾಸ್ತರರು ನಲವತ್ತು ವರ್ಷದಿಂದ ಮಾಡುತ್ತ ಬಂದದ್ದು ಅದೊಂದೇ ಕೆಲಸ. ಬೆರಳುದ್ದದ ಫೋಟೊ ನೋಡಿ ದೀಪದ ಮಸಿಯಲ್ಲಿ ದೊಡ್ಡ ಚಿತ್ರ ಬರೆದುಕೊಡುತ್ತಿದ್ದರು. ಮನೆಯವರು ಅದನ್ನು ಹಿರಿಯರ ಪೀಠದ ಮೇಲಿಟ್ಟು ಊದುಬತ್ತಿ ಹಚ್ಚುತ್ತಿದ್ದರು.

ಅವಳು ಅಂಗಿಯ ಒಳಜೇಬಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟಳು. ದೋಣಿಯ ಅಂಚಿನಲ್ಲಿ ಒಬ್ಬ ಹುಡುಗ ಕರಿ ನಾಯಿಯೊಂದರ ಕೊರಳು ಬಳಸಿ ಕೂತಿದ್ದ.

"ಮಗನೇನಮ್ಮಾ?"

"ಹುಡುಗ ಬೇಡಣ್ಣ. ನಾಯಿ ಬರೀರಿ."

ಮಾಸ್ತರರು ಕನ್ನಡಕ ಹಣೆಗೇರಿಸಿದರು. "ಇಲ್ಲಿ ಬರೋರು ಅಪ್ಪಂದು, ಅಜ್ಜಂದು ತರ್ತಾರೆ ತಾಯೀ. ನಾಯಿಗೆ ಬತ್ತಿ ಹಚ್ತೀಯಾ? ಓಣಿಯೋರು ನನ್ನ ಮುಖಕ್ಕೆ ಉಗೀತಾರೆ."

"ನನಗೆ ಉಗೀಲಿ ಬಿಡಿ, ಒರೆಸ್ಕೋತೀನಿ." ಅವಳ ದನಿ ತಗ್ಗಿತು. "ಕೊರಳ ಮೇಲೆ ಕೈ ಇದೆಯಲ್ಲ, ಅದನ್ನ ಬಿಡಬೇಡಿ. ಮುಖ ಬೇಡ. ಕೈ ಇರ್ಲಿ."

ಅವರು ಅವಳನ್ನೊಮ್ಮೆ, ಫೋಟೊವನ್ನೊಮ್ಮೆ ನೋಡಿ, "ಹದಿನೈದು ದಿನ ಬಿಟ್ಟು ಬಾ" ಎಂದರು.

ಹುಡುಗನ ಹೆಸರು ಕ್ವಿ. ಒಬ್ಬನೇ ಮಗ. ಮೂರು ವರ್ಷದ ಹಿಂದೆ, ಎಂಟನೇ ತಿಂಗಳ ಬಿರುಗಾಳಿಗೆ ಅವನಿದ್ದ ದೋಣಿ ಮಗುಚಿತು. ಐವರಲ್ಲಿ ನಾಲ್ವರ ಹೆಣ ದಡಕ್ಕೆ ಬಂದವು. ಕ್ವಿಯದು ಬರಲಿಲ್ಲ. "ಹೆಣ ನೋಡದೆ ಸತ್ತ ಅನ್ನೋಕೆ ಇವರ್ಯಾರು?" ಎಂದು ಅಪ್ಪ ದೋನ್ ಕೂಗಾಡಿ, ಮಗನ ಫೋಟೊಗಳನ್ನೆಲ್ಲ ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಪೀಠದ ಮೇಲೆ ಚಿತ್ರವಿಲ್ಲ, ಬತ್ತಿಯಿಲ್ಲ, ತಿಥಿಯಿಲ್ಲ. ಊಟಕ್ಕೆ ಮಾತ್ರ ಮೂರು ಬಟ್ಟಲು ಇಡಲೇಬೇಕು.

ದಿನವೂ ಬೆಳಗ್ಗೆ ಅವನು ಮಗನ ನಾಯಿ ಮುಕ್‌ನನ್ನು ಕರೆದುಕೊಂಡು ಬಂದರಿನ ಕಟ್ಟೆಗೆ ಹೋಗಿ ಕೂರುತ್ತಿದ್ದ. ಈ ಚಳಿಯಲ್ಲಿ ಮುಕ್ ಅಲ್ಲೇ, ಬಲೆಗಳ ರಾಶಿಯ ಮೇಲೆ, ಮಲಗಿದ್ದು ಏಳಲಿಲ್ಲ. ಮರುದಿನದಿಂದ ದೋನ್ ಒಬ್ಬನೇ ಹೋದ.

ಬತ್ತಿ ಕಾಣದ ಸತ್ತವರು ಹಸಿದು ಅಲೆಯುತ್ತಾರೆಂದು ಲೂವಾಳ ಅತ್ತೆ ಹೇಳುತ್ತಿದ್ದಳು. ಮೂರು ವರ್ಷದಿಂದ ಲೂವಾ ಒಂದು ತುತ್ತನ್ನೂ ನೆಮ್ಮದಿಯಿಂದ ನುಂಗಿರಲಿಲ್ಲ. ಮಾಸ್ತರರಿಗೆ ಕೊಟ್ಟದ್ದು ಅಕ್ಕಿಯ ಗುಡಾಣದಲ್ಲಿ ಬಚ್ಚಿಟ್ಟು ಉಳಿಸಿಕೊಂಡಿದ್ದ ಒಂದೇ ಫೋಟೊ. ನಾಯಿಗೆ ಬತ್ತಿ ಹಚ್ಚಿದರೆ ಗಂಡ ಬೇಡವೆನ್ನಲಾರ. ಮಗನ ಆ ಕೈಗೆ ಹೊಗೆ ಮುಟ್ಟಿದರೆ ಸಾಕು.

ಚಿತ್ರ ಮನೆಗೆ ಬಂದ ದಿನ ದೋನ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. "ಕಿವಿ ನೋಡೇ. ಹಿಂಗೇ ಒಂದು ಮಡಿಸ್ಕೋತಿತ್ತು, ಕಳ್ಳಮುಂಡೇದು" ಎಂದು ನಕ್ಕ. ಅವನು ನಕ್ಕು ಎಷ್ಟು ಕಾಲವಾಗಿತ್ತೋ. ಆಮೇಲೆ ಕಣ್ಣು ಕೊರಳಿಗೆ ಇಳಿಯಿತು. ನಗು ಹೋಯಿತು.

"ಯಾರದು ಈ ಕೈ?"

ದೋನ್ ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಮಾಸ್ತರರ ಅಂಗಡಿಯ ಕಡೆಗೆ ಬಸ್ಸು ಹತ್ತಿದ. ಅವಳೂ ಹಿಂದೆಯೇ ಓಡಿಹೋಗಿ ಹತ್ತಿದಳು.

ಅಂಗಡಿಯಲ್ಲಿ ಅವನು ಚಿತ್ರವನ್ನು ಮೇಜಿನ ಮೇಲೆ ಕುಕ್ಕಿದ. "ಕೈ ಅಳಿಸ್ರೀ. ನಾಯಿ ಇರ್ಲಿ."

"ಮಸಿ ಕಾಗದಕ್ಕೆ ಹಿಡಿದಿದೆಯಪ್ಪ. ಉಜ್ಜಿದ್ರೆ ಕಲೆ ಉಳಿಯುತ್ತೆ," ಎಂದರು ಮಾಸ್ತರರು. "ಅದೂ ಅಲ್ದೆ, ಸತ್ತೋರ ಕೈನ ನಾನು ಯಾವತ್ತೂ ಅಳಿಸಿದೋನಲ್ಲ."

"ಸತ್ತೋರು? ಸತ್ತ ಅಂತ ಯಾವನು ಹೇಳಿದ್ದು?"

"ನಾನು ಹೇಳ್ತೀನಿ." ಲೂವಾಳ ದನಿ ಅವಳಿಗೇ ಅಪರಿಚಿತವೆನಿಸಿತು. "ಕ್ವಿಯ ಅಪ್ಪಾ, ನಮ್ಮ ಹುಡುಗ ಸತ್ತು ಮೂರು ವರ್ಷ ಆಯ್ತು. ನೀನು ಅವನಿಗೆ ಇಡೋ ಬಟ್ಟಲಲ್ಲಿ ಅನ್ನ ಆರಿ ಕಲ್ಲಾಗುತ್ತೆ. ದಿನಾ ಅದನ್ನ ಕೋಳಿಗೆ ಹಾಕೋಳು ನಾನು."

ದೋನ್ ಹೊಡೆಯುತ್ತಾನೆಂದುಕೊಂಡು ಮಾಸ್ತರರು ಅರ್ಧ ಎದ್ದರು. ಅವನು ಹೊಡೆಯಲಿಲ್ಲ. ಚಿತ್ರದ ಮೇಲೆ ಬಾಗಿದ. ಆಮೇಲೆ ತನ್ನದೇ ಹೆಬ್ಬೆರಳನ್ನು ಮಾಸ್ತರರ ಮೂಗಿನ ಹತ್ತಿರ ಹಿಡಿದ.

"ತಪ್ಪು ಬರೆದಿದ್ದೀರಿ. ಇಲ್ಲಿ ಅವನಿಗೊಂದು ಗಾಯದ ಗುರುತಿತ್ತು. ಹಗ್ಗ ಉಜ್ಜಿದ್ದು. ನಾನು ಬೈದು ಎಳೆಸಿದ ಹಗ್ಗ."

ಮಾಸ್ತರರು ಮಸಿಯ ಬಟ್ಟಲು ತೆರೆದರು. "ಇನ್ನೊಂಚೂರು ಕೆಳಗೆ," ಎನ್ನುತ್ತಿದ್ದ ದೋನ್. "ಅಷ್ಟುದ್ದ ಅಲ್ಲ. ಹಾಂ. ಅಲ್ಲಿ." ಕುಂಚ ನಿಂತಾಗ ಅವನು ಗೋಡೆಗೆ ಒರಗಿ ಕೂತುಬಿಟ್ಟ. ಬಾಯಿಂದ ಬಂದ ಸದ್ದು ಅಳುವಿನಂತೆಯೂ ಇರಲಿಲ್ಲ. ಲೂವಾ ಅವನನ್ನು ಮುಟ್ಟಲಿಲ್ಲ. ಮೂರು ವರ್ಷ ತಾನೊಬ್ಬಳೇ ಅತ್ತದ್ದು ಅವಳ ಎದೆಯಲ್ಲಿ ಇನ್ನೂ ಕಲ್ಲಿನಂತೆ ಕೂತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಚಿತ್ರ ಇಬ್ಬರ ತೊಡೆಯ ಮೇಲೂ ಅಡ್ಡಲಾಗಿತ್ತು. ಅರ್ಧ ದಾರಿ ಕಳೆದ ಮೇಲೆ ಅವಳು ಕೇಳಿದಳು:

"ತಿಥಿ ಯಾವತ್ತು ಮಾಡೋದು? ಬಿರುಗಾಳಿ ಬಂದ ದಿನಾನೇ ಇಟ್ಕೊಳ್ಳೋಣ್ವಾ?"

ದೋನ್ ಕಿಟಕಿಯಾಚೆ ಉಪ್ಪಿನ ಗದ್ದೆಗಳನ್ನು ನೋಡುತ್ತಿದ್ದ.

"ಬೇಡ. ಅವನಿಗೆ ಈಜು ಚೆನ್ನಾಗಿ ಬರ್ತಿತ್ತು. ಅವತ್ತು ಅವನಿನ್ನೂ ಬದುಕಿದ್ದ," ಎಂದ. "ಮಾರನೇ ದಿನ ಇಟ್ಕೊ."