ಚಸ್ಮಾದವರ ಐಪೀಸು

ಅಮಾಸಿ ಬಂತಂದ್ರ ಮಂದಿ ಹೊರಗ ಕಾಲಿಡಾಕ ಅಂಜತಾರ. ಸುಮನಳ ಗಂಡ ಓಂಪ್ರಕಾಶಗ ಮಾತ್ರ ಅವತ್ತ ಹಬ್ಬ. ಸಾಂಗ್ಲಿ ಮಾರ್ಕೆಟ್ ಯಾರ್ಡಿನಾಗ ಅರಿಶಿಣದ ಅಡತಿ ಅಂಗಡಿ, ಮಿರಜಿನಾಗ ಮನಿ, ಮನಿ ಮ್ಯಾಲ ಗಚ್ಚಿ, ಗಚ್ಚಿ ಮ್ಯಾಲ ನೀರಿನ ಟಾಕಿ ಬಾಜೂಕ ಎದಿಮಟ ಬರೂ ಟೆಲಿಸ್ಕೋಪು. ಅಂಗಡಿ ಬಾಗಲಾ ಹಾಕಿ ಬಂದಾಂವ ಚಹಾ ಕುಡಿಯೂಕಿಂತ ಮೊದಲ ಆಕಾಶ ನೋಡಾಂವ. ಮೋಡ ಇದ್ರ ಆ ದಿವಸ ಮನಿ ಮಂದಿ ಆತನ ತಂಟೆಕ್ಕ ಹೋಗತಿರಲಿಲ್ಲ.

ಇಂಥಾ ಹುಚ್ಚಿನ ಮನಿಯಾಗ, ಆ ಟೆಲಿಸ್ಕೋಪಿನಾಗ ಸುಮನಗ ಇವತ್ತಿನವರೆಗೂ ಒಂದ ಚಿಕ್ಕೀನೂ ಕಂಡಿಲ್ಲ ಅಂದ್ರ ಯಾರು ನಂಬಬೇಕು? ಆದ್ರ ಖರೆ ಅದು. ಆಕೀನ್ನ ಬಿಟ್ರ ಮತ್ಯಾರಿಗೂ ಗೊತ್ತಿರಲಿಲ್ಲ, ಅಷ್ಟ.

ಟೆಲಿಸ್ಕೋಪು ಬಂದ ವರ್ಷದ ಕೋಜಾಗಿರಿಗೆ, ಅಂದ್ರ ಶೀಗಿ ಹುಣ್ಣಿಮಿಗೆ, ಬೀಗರು, ಬಿಜ್ಜರು, ಓಣಿ ಹೆಂಗಸರು ಎಲ್ಲಾ ಗಚ್ಚಿ ಮ್ಯಾಲ ಕೂಡಿದ್ರು. ಒಂದ ಕಡೆ ಕೇಸರಿ ಹಾಲು ಕುದ್ಯಾಕತ್ತಿತ್ತು, ಇನ್ನೊಂದ ಕಡೆ ಚಂದ್ರನ್ನ ನೋಡಾಕ ಪಾಳಿ ಹತ್ತಿತ್ತು. ಚಸ್ಮಾ ತೆಗೀರಿ, ಗಾಜಿಗೆ ಗೀರು ಬಿದ್ದೀತು, ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ ಅಂತ ಓಂಪ್ರಕಾಶ ಬಂದಬಂದವರಿಗೆ ಹೇಳಾಕತ್ತಿದ್ದ. ಸುಮನಳ ಚಸ್ಮಾದ ಗಾಜು ಭಾಳ ದಪ್ಪ, ಅದರಾಗ ಫೋಕಸ್ ತಿರುವಿದ್ರೂ ಸರಿ ಆಗದ ಸಿಲಿಂಡರ್ ನಂಬರ ಬ್ಯಾರೆ. ಅದನ್ನ ತೆಗೆದು ಕಣ್ಣಿಟ್ಟಳು. ಬಿಸಿ ಹಾಲಿನ ಮ್ಯಾಲ ತುಪ್ಪ ಹರಡಿದಂಗ ಒಂದೀಟು ಬೆಳಕು, ಮತ್ತೇನೂ ಇಲ್ಲ. ಹಿಂದ ಪಾಳಿ ನಿಂತಿತ್ತು, ಹಾಲು ಉಕ್ಕಾಕ ಬಂದಿತ್ತು. ಕಂಡ್ತೇನು ಅಂತ ಗಂಡ ಕೇಳಿದ. ಕಂಡ್ತ್ರಿ ಅಂದಳು.

ಲಗ್ನಾಗಿ ಬಂದಾಗಿಂದ ಆಕಿ ನಾಲಿಗಿ ಮ್ಯಾಲ ಇದ್ದ ಉತ್ತರಾನ ಅದು. ಊಟ ಆತೇನ ಅಂತ ಅತ್ತಿ ಸರುಬಾಯಿ ಕೇಳಿದ್ರ, ಹೊಟ್ಟಿ ಚುರುಚುರು ಅಂತಿದ್ರೂ ಆತ್ರಿ. ಜ್ವರ ಇಳೀತೇನ ಅಂದ್ರ, ಮೈ ಸುಡತಿದ್ರೂ ಇಳೀತ್ರಿ. ತುಂಬಿದ ಮನಿ ಸೊಸ್ತೇರೆಲ್ಲಾ ಹಿಂಗ. ಇಲ್ಲ ಅಂದ್ರ ನಾಕು ಮಂದಿ ಕೆಲಸಾ ಬಿಟ್ಟು ಆಕಿ ಸಲುವಾಗಿ ಏಳಬೇಕಾಗತೈತಿ, ಅದರ ನಾಚಿಕಿ ಹಸಿವಿಗಿಂತ ದೊಡ್ಡದು. ಊಟದ ಸುಳ್ಳು ಮರುದಿವಸದ ಊಟದಾಗ ಕರಗಿ ಹೋಗತೈತಿ. ಈ ಸುಳ್ಳು ಮಾತ್ರ ಬೆಳಕೋತ ಹೋತು. ಶನಿಯ ಉಂಗುರ ಕಂಡ್ತೇನು? ಕಂಡ್ತ್ರಿ. ಗುರುವಿನ ಚಂದ್ರಗಳು? ಕಂಡ್ವ್ರಿ, ಎಷ್ಟು ಚೆಂದ ಅದಾವ. ಹಿಂದಿನವರು ಏನಂದಿದ್ರು ಅದನ್ನ ನೆನಪಿಟ್ಟು ಹೇಳೂದು, ಪಾಠ ಒಪ್ಪಿಸಿದಂಗ.

ಚಿಕ್ಕಿ ಕಾಣಲಿಲ್ಲಂತ ಆಕಿಗೆ ದುಃಖ ಇರಲಿಲ್ಲ. ಗಂಡನ ಮುಖಾ ಆಕೀನ್ನ ಕಾಡತಿತ್ತು. ಐಪೀಸಿಗೆ ಕಣ್ಣಿಟ್ಟ ಕೂಡ್ಲೆ ಆತನ ಅಂಗಡಿ ತಲಿಬ್ಯಾನಿ ಇಳದು, ಹಣಿ ಗೆರಿ ಸಡ್ಲಾಗಿ, ಬಾಯಿ ಸ್ವಲ್ಪ ತೆರದು, ಲಗ್ನದ ಹೊಸದಾಗ ಆಕೀನ್ನ ನೋಡೂವಾಗ ಆಗತಿತ್ತಲ್ಲ, ಹಂಗ ಆಗತಿತ್ತು. ಏನ ಐತಿ ಅಲ್ಲಿ? ನನಗೂ ತೋರಿಸ್ರಿ ಅಂತ ಕೇಳೂ ಹಂಗಿರಲಿಲ್ಲ, ಆಕಿದೆಲ್ಲಾ ನೋಡಿ ಮುಗದಿತ್ತಲ್ಲ. ಶಾಲು ಹೊದ್ದು ಬಾಜೂಕ ನಿಂತು, ಆತ ಹೋದಲ್ಲಿ ನಾನೂ ಒಮ್ಮೆ ಹೋಗಬೇಕಲ್ಲ ಅಂತ ಸುಮ್ಮ ಹಂಬಲಿಸತಿದ್ದಳು.

ಈ ಮಾಘದಾಗ ಓಂಪ್ರಕಾಶನ ತಲ್ಯಾಗ ಹೊಸ ಐಪೀಸಿನ ಹುಳ ಹೊಕ್ಕಿತು. ಐಪೀಸ್ ಅಂದ್ರ ಕಣ್ಣಿಡೂ ಕಡೆ ಸಿಗಿಸೂ, ಗಾಜು ಕೂಡ್ರಿಸಿದ ಸಣ್ಣ ನಳಗಿ. ಇದ್ದದ್ದು ಸಾದಾ, ಅದರಾಗ ನೋಡೂದಂದ್ರ ಕೊಳವಿಯೊಳಗ ಹಣಿಕಿ ಹಾಕಿದಂಗ. ಅಗಲ ಆಕಾಶ ತೋರಸೂವು ಬ್ಯಾರೆ ಬರತಾವ, ಭಾರಿ ತುಟ್ಟಿ. ಅದರ ರೇಟು ಕಿವಿಗೆ ಬಿದ್ದಾಗಿಂದ ಸರುಬಾಯಿ ಮಗಗ ಗಾಜಿನ ವ್ಯಾಪಾರಿ ಅಂತ ಹೆಸರಿಟ್ಟಿದ್ದಳು. ಆದ್ರ ಮಾಲು ನೋಡದ ಸೌದಾ ಮಾಡೂ ಪೈಕಿ ಅಲ್ಲ ಓಂಪ್ರಕಾಶ. ಸಾಂಗ್ಲಿವಾಡಿಯಾಗ ಕಬ್ಬು ಬೆಳೆಯೂ ಶಾಂತಿನಾಥ ಆತನ ಗೆಳೆಯ, ಅದ ಹುಚ್ಚಿನಾಂವ. ಪುಣೆ ಕಡೆ ದೋಸ್ತರ ಹತ್ರ ಇಸಗೊಂಡು ಎರಡು ಐಪೀಸ್ ನಮೂನಿ ತರತೇನಿ, ಒಂದು ನೂರು ಡಿಗ್ರಿ ಅಗಲ ತೋರಸೂದು, ಒಂದು ಎಪ್ಪತ್ತರದ್ದು, ನೋಡಿ ಆರಿಸ್ಕೊ ಅಂದಿದ್ದ. ಓಂಪ್ರಕಾಶನ ಮನಸು ಆಗಲೇ ನೂರರ ಮ್ಯಾಲ ಕುಂತಿತ್ತು.

ಕುಂತಿದ್ರೂ ಮನಿ ರೂಢಿ ಬಿಡಲಿಲ್ಲ. ಅರಿಶಿಣದ ನಮೂನಿ ಬಂದ್ರ ಮನಿಗೆ ತಂದು ಸುಮನಳ ಮುಂದ ಇಡೂದು, ಆಕಿ ಕೊಂಬು ಮುರದು, ಒಳಗಿನ ಬಣ್ಣಾ ನೋಡಿ, ಮೂಸಿ, ಇದು ಅಂದ್ರ ಮುಗೀತು, ಮುಂದ ಎರಡನೇ ಮಾತಿಲ್ಲ. ಐಪೀಸಿಗೂ ಅದ ಲೆಕ್ಕ ಹಚ್ಚಿದ. ನಿನ್ನ ಕಣ್ಣು ಎಂದೂ ತಪ್ಪಿಲ್ಲ, ನೀ ಯಾವುದಂತಿ ಅದ ತರೂದು ಅಂದ. ಸುಮನ ಪೇಚಿಗೆ ಬಿದ್ದಳು. ಸುಳ್ಳು ಹೇಳಿದ್ರ ತನಗ ಕಾಣದ ಗಾಜನ್ನ ತಾನ ಆರಿಸಿದಂಗ ಆಗತೈತಿ, ಇನ್ನ ಇದ್ದಷ್ಟು ದಿವಸಾ ಅದರ ಬಾಜೂಕ ಕುರುಡಿಯಂಗ ನಿಲ್ಲಬೇಕು. ಖರೆ ಹೇಳಿದ್ರ ಇಷ್ಟು ವರ್ಷ ಹೇಳಿದ್ದೆಲ್ಲಾ ಬಯಲಾಗತೈತಿ. ಎರಡೂ ಬ್ಯಾಡಾಗಿದ್ವು ಆಕಿಗೆ.

ಅಮಾಸಿ ದಿವಸ ದೀಪ ಹಚ್ಚೂ ಹೊತ್ತಿಗೆ ಶಾಂತಿನಾಥ ಬಂದ. ಕೃತ್ತಿಕಾ ಚಿಕ್ಕಿಗಳ ಗುಂಪು ನೆತ್ತಿ ಮ್ಯಾಲ ಇತ್ತು. ಮೊದಲ ನೂರರದ್ದು ಸಿಗಿಸಿದ್ರು. ಓಂಪ್ರಕಾಶ ಕಣ್ಣಿಟ್ಟಾಂವ ಭಾಳ ಹೊತ್ತು ತೆಗೀಲಿಲ್ಲ, ತೆಗೆದ ಕೂಡ್ಲೆ ಸುಮನಳ ರಟ್ಟಿ ಹಿಡದು ಮುಂದ ತಂದ. ಆಕಿ ರೂಢಿ ಪ್ರಕಾರ ಚಸ್ಮಾ ತೆಗೆದು ಬಗ್ಗಿದಳು. ಅದ ತುಪ್ಪ, ಅದ ಬೆಳಕು, ಈ ಸಲ ಸ್ವಲ್ಪ ಅಗಲ. ಗಂಡಗ ಇದು ಬೇಕಾಗೈತಿ, ಇದ ಇರಲ್ರಿ ಅನ್ನೂ ಮಾತು ತುಟಿ ಮಟ ಬಂದಿತ್ತು.

ಅಷ್ಟ್ರಾಗ ಶಾಂತಿನಾಥ ಎರಡನೇದು ಸಿಗಿಸಿ, ವೈನಿ, ಇದರಾಗ ಚಸ್ಮಾ ಹಾಕ್ಕೊಂಡ ನೋಡ್ರಿ ಅಂದ. ಆಕಾಶ ಸ್ವಲ್ಪ ಕಡಿಮಿ, ಆದ್ರ ಕಣ್ಣು ದೂರ ಇಟ್ರೂ ನಡೀತೈತಿ, ಸುತ್ತಾ ರಬ್ಬರ ಐತಿ, ಗೀರು ಬೀಳೂದಿಲ್ಲ, ಮಾಡಿದ್ದ ಚಸ್ಮಾದವರ ಸಲುವಾಗಿ ಅಂತ ಹೇಳಿದ. ಸುಮನ ಗಂಡನ ಮುಖಾ ನೋಡಿದಳು, ಆತ ಹೂಂ ಅಂದ. ಚಸ್ಮಾ ಹಾಕ್ಕೊಂಡು ಬಗ್ಗಿದಳು.

ಮೊದಲ ಕತ್ತಲಿ. ತಲಿ ಸ್ವಲ್ಪ ಸರಿಸಿದಳು. ಚಿಕ್ಕಿ! ಸೂಜಿ ಮೊನಿಯಂಥಾ ಚಿಕ್ಕಿ, ಒಂದೊಂದೂ ಬ್ಯಾರೆ ಬ್ಯಾರೆ, ನೀಲಿ ಬಿಳುಪು. ದೊಡ್ಡವುಗಳ ನಡುವ ಸಣ್ಣವು, ಸಣ್ಣವುಗಳ ಹಿಂದ ಇನ್ನೂ ಸಣ್ಣವು, ಅವುಗಳ ಆಚೆ ತಳ ಇಲ್ಲದ ಕರಿ. ಎಲ್ಲಾ ಕೂಡಿ ಮೆಲ್ಲಕ ಒಂದ ಕಡೆ ಸರೀತಿದ್ವು. ಅಯ್ಯ ಶಿವನ, ಇದಕ್ಕೇನು ಇವರ ಮುಖಾ ಹಂಗ ಆಗತಿತ್ತು! ಆಕಿಗೆ ಅಳು ಬಂತು, ಅತ್ರ ಮತ್ತ ಕಾಣಲಿಕ್ಕಿಲ್ಲಂತ ತಡಕೊಂಡಳು. ಅಂಚಿಗೆ ಹೋಗೂ ಚಿಕ್ಕಿಗಳ ಹಿಂದ ಕಣ್ಣು ಹೋತು. ಇನ್ನೂ ಸ್ವಲ್ಪ ಇರ್ರಿ ಅಂತ ಅವಕ್ಕ ಒಳಗ ಬೇಡಿಕೊಂಡಳು.

"ಕಂಡ್ವೇನು?" ಅಂತ ಹಿಂದಿಂದ ಓಂಪ್ರಕಾಶ ಕೇಳಿದ.

"ಈಗ ಕಂಡ್ವ್ರಿ."

ಬಾಯಿಂದ ಜಾರಿ ಹೋಗಿತ್ತು. ಶಾಂತಿನಾಥ ಇಬ್ಬರ ಮುಖಾ ನೋಡಿ, ಸರುಬಾಯಿ ಕಾಕು ಹತ್ರ ಚಹಾ ಕುಡದು ಬರತೇನಿ ಅಂತ ಕೆಳಗ ಇಳದ. ಈಗ ಅಂದ್ರೇನು ಅಂತ ಓಂಪ್ರಕಾಶ ಕೇಳಿದ, ಸುಮನ ಕೋಜಾಗಿರಿಯಿಂದ ಹಿಡದು ಎಲ್ಲಾ ಹೇಳಿದಳು. ಚಸ್ಮಾ ತೆಗೆಸಿದ್ದು, ಪಾಳಿ, ಉಕ್ಕಾಕ ಬಂದ ಹಾಲು, ಆಮ್ಯಾಲಿನ ಪಾಠ. ಆತ ಮೊದಲ ಕಣ್ಣು ಬಿಟ್ಟ, ಆಮ್ಯಾಲ ನಗಾಕ ಸುರು ಮಾಡಿದ. ಶನಿಯ ಉಂಗುರಕ್ಕ ಬಂಗಾರದ ಅಂಚು ಐತಿ ಅಂತ ಸಾಕ್ಷಿ ಹೇಳಿದ್ಯಲ್ಲ ನೀ, ಭಲೆ ಹೆಂಗಸ ಅಂತ ಛೇಡಿಸಿದ. ನಕ್ಕೋತನ ಗಚ್ಚಿ ಕಟ್ಟಿ ಮ್ಯಾಲಿಂದ ಬಗ್ಗಿ, ಶಾಂತಿನಾಥಾ, ನೂರರದ್ದು ಬ್ಯಾಡೋ, ಚಸ್ಮಾದ್ದ ನಮಗ ತರಿಸೋ ಅಂತ ಕೆಳಗ ಕೂಗಿದ. ಇಷ್ಟ ಆತಲ್ಲ, ಇದಕ್ಕ ಅಂಜಿದೆನಲ್ಲ ಅಂತ ಸುಮನ ಹಗುರಾದಳು.

ತಿರುಗಿ ನಿಂತಾಗ ಆತನ ನಗಿ ಇರಲಿಲ್ಲ.

ಲಾಕ್‌ಡೌನ್ ಆದ ವರ್ಷದ ಡಿಸೆಂಬರಿನಾಗ ಒಂದ ಸಂಜಿ ಗುರು, ಶನಿ ಎರಡೂ ಬಾಜೂಕ ಬಾಜೂಕ ಬಂದಿದ್ವು, ಐಪೀಸಿನಾಗ ಕೂಡೇ ಹಿಡದಿದ್ವು. ಮತ್ತ ಅಷ್ಟು ಸನೇಕ ಬರೂದು ಇವರಿಬ್ಬರ ಆಯುಷ್ಯದಾಗ ಇಲ್ಲ. ಗಚ್ಚಿ ಮ್ಯಾಲ ಅಂದು ಗಂಡ ಹೆಂಡತಿ ಇಬ್ಬರ ಇದ್ರು. ನಾವಿಬ್ಬರೂ ಜೋಡಿಲೆ ನೋಡೇವಿ ಅಂತ ಓಂಪ್ರಕಾಶ ಪೇಟ್ಯಾಗೆಲ್ಲಾ ಹೇಳಿಕೋತ ಬಂದಿದ್ದ, ನಿನ್ನೆ ಮೊನ್ನೆ ತನಕ.

"ಆ ದಿವಸ?" ಅಂತ ಕೇಳಿದ.

"ಇಲ್ರಿ," ಅಂದಳು ಸುಮನ.

ಆತ ಟಾಕಿ ಕಟ್ಟಿ ಮ್ಯಾಲ ಕುಂತ. "ಅಂದ್ರ ನಾ ಒಬ್ಬನ ನೋಡಿದಂಗ ಆತು."

ಬೈದಿದ್ರ ಚಲೋ ಇತ್ತು ಅನಿಸ್ತು ಆಕಿಗೆ. ಬಾಜೂಕ ಕುಂತು, ಹೆಂಗಿತ್ತು ಈಗರೆ ಹೇಳ್ರಿ ನನಗ ಅಂದಳು. ಅದನ್ನ ಆತ ಆಕಿ ಮುಂದ ಎಂದೂ ಬಣ್ಣಿಸಿರಲಿಲ್ಲ. ನೋಡಿದವರಿಗೆ ಏನ ಬಣ್ಣಿಸೂದು?

ಹೇಳಾಕ ಸುರು ಮಾಡಿದ. ಗುರು ದೊಡ್ಡದು, ಹಾಲಿನ ಬಣ್ಣ, ಸಾಲಾಗಿ ಅದರ ಚಂದ್ರಗಳು. ಕೈ ಎತ್ತಿ ಗಾಳ್ಯಾಗ ಗುರುವನ್ನ ಇಟ್ಟ. ಶನಿ ಸಣ್ಣದು, ಉಂಗುರ ಓರಿ ಆಗಿತ್ತು, ಇಲ್ಲಿ ಅಂತ ಇನ್ನೊಂದ ಕೈ ಎತ್ತಿದ. ಆ ಕೈ ಎಡಕ್ಕ ಹೋತು, ಬಲಕ್ಕ ಬಂತು, ಸ್ವಲ್ಪ ಮ್ಯಾಲ ಏರಿತು, ಎಲ್ಲೂ ನಿಲ್ಲಲಿಲ್ಲ.

"ನೆನಪಾಗವಲ್ದು," ಅಂದ. "ನೀ ನೆನಪಿಟ್ಟಿರತಿ ಅಂತ ನಾ ಮರತ ಬಿಟ್ಟೇನಿ, ಸುಮನ."

ಸುಮನ ಗಾಳ್ಯಾಗ ಹುಡುಕಾಕತ್ತಿದ್ದ ಆ ಕೈ ಹಿಡಕೊಂಡು ಮೆಲ್ಲಕ ತನ್ನ ತೊಡಿ ಮ್ಯಾಲ ಇಳಿಸ್ಕೊಂಡಳು.