ಸಗ್ಡನ್ ಅಂಗಡಿಯ ತಾತ

ನಮ್ಮ ಲೆಟಿಸ್ ಅತ್ತೆಗೆ ತೊಂಬತ್ತು ತುಂಬಿದ ದಿನ ವೃದ್ಧಾಶ್ರಮದವರು ಕೇಕ್ ತಂದಿಟ್ಟರು, ಪಿಯಾನೊ ಬಾರಿಸಿದರು, ಸಾಲದ್ದಕ್ಕೆ ತಲೆಗೊಂದು ಕಾಗದದ ಕಿರೀಟ ಬೇರೆ. ಅತ್ತೆ ಕಿರೀಟ ಕಿತ್ತು ಪಕ್ಕದವಳ ಮಡಿಲಿಗೆ ಹಾಕಿ ನನ್ನ ಕೈ ಹಿಡಿದುಕೊಂಡಳು. ತನಗೆ ಉಡುಗೊರೆ ಗಿಡುಗೊರೆ ಬೇಡವಂತೆ. ಸತ್ತ ಮೇಲೆ ತನ್ನ ತಾತನ ಗೋರಿಯಲ್ಲೇ ತನ್ನನ್ನೂ ಮಲಗಿಸಬೇಕು, ಅಷ್ಟು ಮಾಡಿದರೆ ಸಾಕಂತೆ. ಅಣ್ಣನ ಮಗಳು ನಾನು, ಹತ್ತಿರದವಳೂ ನಾನೇ. ಹೂಂ ಅಂದುಬಿಟ್ಟೆ.

ಹೂಂ ಅನ್ನುವುದಕ್ಕೆ ಏನು ಖರ್ಚು? ಆ ಗೋರಿ ಎಲ್ಲಿದೆ ಅಂತ ಅವಳಿಗೇ ಗೊತ್ತಿಲ್ಲ. ಗುಡ್ಡದ ಮೇಲಿನ ಊರ ಸ್ಮಶಾನ, ಅಷ್ಟು ಮಾತ್ರ ಗೊತ್ತು. ಅವಳಪ್ಪ ಮೊದಲನೇ ಯುದ್ಧದಲ್ಲಿ ಫ್ರಾನ್ಸಿನ ಕೆಸರಲ್ಲಿ ಹೋದ, ಅಮ್ಮ ಆಮೇಲಿನ ಜ್ವರದಲ್ಲಿ ಹೋದಳು. ಅವಳನ್ನೂ ನಮ್ಮಪ್ಪನನ್ನೂ ಸಾಕಿದ್ದು ತಾತ, ಅಜ್ಜಿ. ಅವಳಿಗೆ ಒಂಬತ್ತಾಗಿದ್ದಾಗ ತಾತ ತೀರಿಕೊಂಡ, ಮರುವರ್ಷ ಅಜ್ಜಿ. ಆಗೆಲ್ಲ ಮಕ್ಕಳನ್ನು ಮಣ್ಣಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಬಿಸ್ಕತ್ತು ಕೊಟ್ಟು ಕೂರಿಸುತ್ತಿದ್ದರು. ಆಮೇಲೆ ಇಬ್ಬರನ್ನೂ ಹ್ಯಾಲಿಫ್ಯಾಕ್ಸ್ ಊರಿನ ನೆಂಟರ ಮನೆಗೆ ಸಾಗಹಾಕಿದರು. ಗೋರಿಗೊಂದು ಕಲ್ಲು ನಿಲ್ಲಿಸುವವರು ಇಲ್ಲಿ ಯಾರು ಉಳಿದಿದ್ದರು?

ತಾತನ ವಿಷಯ ಎತ್ತಿದರೆ ಮಾತ್ರ ಅತ್ತೆಗೆ ಎಲ್ಲ ನಿನ್ನೆ ನಡೆದ ಹಾಗೆ. ಬ್ರಿಡ್ಜ್ ಲೇನಿನ ಮೂಲೆಯಲ್ಲಿ 'ಈಲೈ ಸಗ್ಡನ್' ಅಂತ ಬೋರ್ಡಿದ್ದ ಅಂಗಡಿ. ಕ್ಲಾಗ್ ಮಾಡುವ ಕಸುಬು, ಅಂದರೆ ಮರದ ಅಟ್ಟೆ, ಮೇಲೆ ಚರ್ಮ, ಅಡಿಗೆ ಕಬ್ಬಿಣದ ಲಾಳ ಇರುವ ಜೋಡು. ಬೆಳಗಿನ ಜಾವ ಗಿರಣಿಯ ಹೆಂಗಸರೆಲ್ಲ ಅದನ್ನೇ ತೊಟ್ಟು ಕಲ್ಲುಹಾಸಿನ ಮೇಲೆ ಲಟಲಟ ಅಂತ ಇಳಿದು ಹೋಗುವಾಗ, ತಾತ ಹಾಸಿಗೆಯಲ್ಲೇ ಮಲಗಿ ಯಾರ ಲಾಳ ಸಡಿಲಾಗಿದೆ ಅಂತ ಹೇಳುತ್ತಿದ್ದನಂತೆ. ಬೇಸಿಗೆ ಶುರುವಿನಲ್ಲಿ ಮಕ್ಕಳಿಗೆ ಹೊಸದು ತೊಡಿಸುವ ವಿಟ್ಸನ್ ಹಬ್ಬಕ್ಕೆ ಪ್ರತಿವರ್ಷ ಅತ್ತೆಯನ್ನು ತೊಡೆ ಮೇಲೆ ಕೂರಿಸಿಕೊಂಡು, ಅಂಗೈಯಲ್ಲಿ ಪಾದ ಹಿಡಿದು ಅಳತೆ ತೆಗೆಯುತ್ತಿದ್ದ. ಆ ಕೈ ಬಿಸಿ ಇನ್ನೂ ಕಾಲಲ್ಲಿದೆ ಅನ್ನುತ್ತಾಳೆ. ಕೊನೇ ಜೊತೆ ಕ್ಲಾಗು ಈಗಲೂ ಅವಳ ಕಿಟಕಿಯಲ್ಲಿದೆ. ಒಂದರಲ್ಲಿ ಅಂಗಿ ಗುಂಡಿಗಳು, ಇನ್ನೊಂದರಲ್ಲಿ ಪುದೀನ ಪೆಪ್ಪರ್‌ಮಿಂಟು.

ಸರಿ, ನಾನು ಲೈಬ್ರರಿ ಹತ್ತಿದೆ. ಅಲ್ಲಿ ಹಳೆಯ ವ್ಯಾಪಾರದ ಡೈರೆಕ್ಟರಿಗಳಿವೆ, ಯಾವ ಬೀದಿಯಲ್ಲಿ ಯಾವ ಕಸುಬಿನವರು ಯಾರ‍್ಯಾರು ಅಂತ ಅಚ್ಚು ಹಾಕಿದ ದಪ್ಪ ದಪ್ಪ ಪುಸ್ತಕ. ಹೋದ ಕೆಲಸ ಬಿಟ್ಟು ಅದರಲ್ಲೇ ಮುಳುಗಿಬಿಟ್ಟೆ. ಈಗ ಮೊಬೈಲ್ ಮಾರುವ ಜಾಗದಲ್ಲಿ ಕೊಡೆ ರಿಪೇರಿಯವನಿದ್ದ, ಬ್ಯಾಂಕು ಮುಚ್ಚಿ ಹಾಳುಬಿದ್ದಿರುವಲ್ಲಿ ಮೇಣದಬತ್ತಿಯವನು. ನಾನು ಚಿಕ್ಕವಳಿದ್ದಾಗಲೂ ಇದ್ದ ಟೋಪಿ ಅಂಗಡಿಯ ಹೆಸರು ಕಂಡಾಗ ಕಣ್ಣು ತುಂಬಿಕೊಂಡಿತು, ಸುಳ್ಳೇಕೆ ಹೇಳಲಿ. ಈಲೈ ಸಗ್ಡನ್ನನೂ ಸಿಕ್ಕಿದ. ಸಾವಿರದ ಎಂಟುನೂರ ಎಂಬತ್ತರ ಸುಮಾರಿನಿಂದ, ಅತ್ತೆ ಹೇಳಿದ ಸಾವಿನ ವರ್ಷದವರೆಗೆ, ಪ್ರತಿ ಪುಸ್ತಕದಲ್ಲೂ ಅದೇ ಸಾಲು, ಅದೇ ಬ್ರಿಡ್ಜ್ ಲೇನು.

ಖುಷಿಯಿಂದ ಸ್ಮಶಾನದ ಆಫೀಸಿಗೆ ಹೋದರೆ, ಆ ವರ್ಷವೂ ಇಲ್ಲ, ಹಿಂದೆ ಮುಂದೆಯೂ ಇಲ್ಲ, ಸಗ್ಡನ್ ಅನ್ನುವವರನ್ನು ಅಲ್ಲಿ ಹೂಳಿಯೇ ಇಲ್ಲ ಅಂದರು. ಸಿಟ್ಟು ನೆತ್ತಿಗೇರಿತು. ಇನ್ನೆಲ್ಲಿ ಹುಡುಕುವುದು ಅಂತ ನಮ್ಮ ಹಳೆ ಚಾಪೆಲ್ಲಿನ, ಅಂದರೆ ಪುಟ್ಟ ಚರ್ಚಿನ, ಹಿಂದೆ ಹೋಗಿ ಗೋರಿಕಲ್ಲುಗಳ ಪಾಚಿ ಕೆರೆಯುತ್ತ ಕೂತೆ. ಗೋಡೆ ಪಕ್ಕ ಒಂದು ಕಲ್ಲಿನಲ್ಲಿ ಸಿಕ್ಕಿದ: ಈಲೈ ಸಗ್ಡನ್, ಈ ಊರಿನ ಕ್ಲಾಗ್ ಕಸುಬಿನವನು. ಸತ್ತದ್ದು ಮಾತ್ರ ಅತ್ತೆ ಹುಟ್ಟುವುದಕ್ಕೆ ಇಪ್ಪತ್ತಾರು ವರ್ಷ ಮುಂಚೆ.

ಡೈರೆಕ್ಟರಿಯಲ್ಲಿ ಬದುಕಿದ್ದಾನೆ, ಕಲ್ಲಿನಲ್ಲಿ ಸತ್ತಿದ್ದಾನೆ. ಹಾಗಾದರೆ ಅತ್ತೆಯನ್ನು ತೊಡೆ ಮೇಲೆ ಕೂರಿಸಿಕೊಂಡವನು ಯಾರು, ದೆವ್ವವೇ? ನನ್ನ ತಮ್ಮ ನಾರ್ಮನ್ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮುದುಕಿಗೆ ಅರಳುಮರಳು, ಸುಟ್ಟು ಬೂದಿಯನ್ನು ಗುಲಾಬಿ ಬುಡಕ್ಕೆ ಹಾಕಿದರೆ ಮುಗೀತು ಅಂದ. ನಮ್ಮಪ್ಪನದೇ ನಾಲಿಗೆ ಅವನದು.

ಉತ್ತರ ಸಿಕ್ಕಿದ್ದು ಪೈ ಅಂಗಡಿಯಲ್ಲಿ. ಶನಿವಾರದ ಪೈ, ಅಂದರೆ ಹಿಟ್ಟಿನ ಕಣಕದೊಳಗೆ ಹಂದಿಮಾಂಸ ತುಂಬಿ ಬೇಯಿಸಿದ್ದು, ನಾನು ತರುವುದು ಹಾರ್ಗ್ರೀವ್ಸ್ ಅಂಗಡಿಯಿಂದಲೇ. ಅವತ್ತು ಎಂದಿನಂತೆ, 'ಎರಡು ಕೊಡಿ ಮಿಸ್ಟರ್ ಹಾರ್ಗ್ರೀವ್ಸ್' ಅಂದೆ. ಅವನು ಕಟ್ಟಿ ಕೊಟ್ಟ. ಆಗ ಗೋಡೆಯ ಮೇಲೆ ಚೌಕಟ್ಟು ಹಾಕಿದ ಬಹುಮಾನದ ಪತ್ರದತ್ತ ಕಣ್ಣು ಹೋಯಿತು. ಅದರಲ್ಲಿದ್ದ ಹೆಸರು ಟ್ರೆವರ್ ಕ್ಲೆಗ್. ಯಾರಿದು ಅಂದೆ. ನಾನೇ ಅಂದ. ಹಾರ್ಗ್ರೀವ್ಸ್ ಮುದುಕ ಸತ್ತು ಯಾವ ಕಾಲವಾಯಿತು, ಬೋರ್ಡು ಬದಲಾಯಿಸಿದರೆ ಈ ಊರಿನವರು ಪೈ ರುಚಿಯೂ ಬದಲಾಯಿತು ಅನ್ನುತ್ತಾರೆ, ಅದಕ್ಕೇ ಹಾಗೇ ಬಿಟ್ಟೆ ಅಂದ. 'ನೀವೆಲ್ಲ ಆ ಹೆಸರಲ್ಲೇ ಕರೀತೀರ. ಮೊದಮೊದಲು ತಿದ್ದುತ್ತಿದ್ದೆ. ಈಗ ಓಗೊಡ್ತೀನಿ.'

ಪೈ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತೆ. ನಮ್ಮ ಊರಿನವರ ಬುದ್ಧಿಯೇ ಇಷ್ಟು. ಮನುಷ್ಯ ಬದಲಾದರೂ ಪರವಾಗಿಲ್ಲ, ಬೋರ್ಡು ಬದಲಾಗಬಾರದು. ನನ್ನ ಬುದ್ಧಿಯೂ ಅದೇ ಅನ್ನಿ. ಸೀದಾ ಲೈಬ್ರರಿಗೆ ಹೋಗಿ, ಈ ಸಲ ಹೆಸರು ಬಿಟ್ಟು ವಿಳಾಸ ಹಿಡಿದು ಹಳೆ ಜನಗಣತಿ ತೆಗೆಸಿದೆ. ಬ್ರಿಡ್ಜ್ ಲೇನಿನ ಆ ಮನೆಯ ಯಜಮಾನ ಏಮಸ್ ಬರ್ಟ್‌ವೆಲ್, ಕ್ಲಾಗ್ ಕಸುಬು. ಹೆಂಡತಿ ಮಾರ್ಥಾ. ಹೆಂಡತಿಯ ಮೊದಲ ಗಂಡನ ಮಗ ಜೋ ಸಗ್ಡನ್. ಆ ಜೋ ಅತ್ತೆಯ ಅಪ್ಪ. ಇನ್ನೂ ಹತ್ತು ವರ್ಷ ಹಿಂದಿನ ಜನಗಣತಿಯಲ್ಲಿ ಮಾರ್ಥಾ ವಿಧವೆ, ಏಮಸ್ ಅವಳ ಅಂಗಡಿಯ ಆಳು. ಈಲೈ ಸತ್ತ ಮೇಲೆ ವಿಧವೆ ಆಳನ್ನೇ ಮದುವೆಯಾದಳು, ಬೋರ್ಡು ಹಾಗೇ ಉಳಿಯಿತು. ಡೈರೆಕ್ಟರಿಗೆ ಹೆಸರು ಬರೆದುಕೊಳ್ಳಲು ಬಂದವನು ಬೋರ್ಡು ನೋಡಿ ಬರೆದುಕೊಂಡು ಹೋದ. ಸ್ಮಶಾನದಲ್ಲಿ ಬರ್ಟ್‌ವೆಲ್ ಅಂದ ತಕ್ಷಣ ಸಿಕ್ಕಿತು. ಗಂಡ, ಹೆಂಡತಿ, ಮೇಲೆ ಇನ್ನೊಬ್ಬರಿಗೆ ಜಾಗ.

ಜಾಗ ಸಿಕ್ಕಿತು, ನನ್ನ ನಿದ್ದೆ ಹೋಯಿತು. ಅತ್ತೆ ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನು ಅವಳ ರಕ್ತದವನೇ ಅಲ್ಲ. ಇದನ್ನು ತೊಂಬತ್ತರ ಜೀವಕ್ಕೆ ಯಾವ ಬಾಯಲ್ಲಿ ಹೇಳುವುದು? ನಾರ್ಮನ್ ಹೇಳಲೇಬೇಡ, ಬಾಯಿ ಮುಚ್ಚಿಕೊಂಡು ಹೂಳು ಅಂದ. ಆದರೆ ಆ ಗೋರಿಯ ಜಾಗದ ಅರ್ಜಿಗೆ ಅವಳೇ ಸಹಿ ಹಾಕಬೇಕಿತ್ತು, ಕಾಗದದ ನೆತ್ತಿಯ ಮೇಲೇ ಬರ್ಟ್‌ವೆಲ್ ಅಂತಿತ್ತು. ಅದೂ ಅಲ್ಲದೆ ಅವಳಿಗೆ ಮೋಸ ಮಾಡುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಚಹಾ ತರಿಸಿ, ಬಾಗಿಲು ಹಾಕಿ, ಎಲ್ಲ ಹೇಳಿದೆ.

ಅತ್ತೆ ಕಿಟಕಿಯ ಕ್ಲಾಗುಗಳತ್ತ ತಿರುಗಿದಳು.

'ಚಾಪೆಲ್ ಹಿಂದೆ ಗೋಡೆ ಪಕ್ಕ ಇದ್ಯಲ್ಲ, ಆ ಕಲ್ಲಾ?' ಅಂದಳು.

ಹೌದು ಅಂದೆ.

'ಭಾನುವಾರ ಭಾನುವಾರ ತಾತ ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದ. ಟೋಪಿ ತೆಗೆದು ನಿಂತ್ಕೊಳ್ಳೋನು, ಕಳೆ ಕೀಳೋನು. ಯಾರು ತಾತ ಇದು ಅಂದ್ರೆ, ನನ್ನ ಧಣಿ ಕಣಮ್ಮಾ, ಕೆಲಸ ಕಲಿಸಿದೋರು ಅನ್ನೋನು. ಓದಿದ್ರೆ ಅವನ ಹೆಸರೇ ಇದೆ! ಅವನಪ್ಪ ಇರ್ಬೇಕು ಅಂದ್ಕೊಂಡೆ. ಅಪ್ಪನ್ನ ಯಾರಾದ್ರೂ ಧಣಿ ಅಂತಾರಾ ಅಂತ ನಗು ಬರೋದು ನಂಗೆ. ಅಜ್ಜಿ ಒಳಮನೇಲಿ ಅವನನ್ನ ಏ ಹುಡ್ಗಾ ಅಂತ ಕರೆಯೋಳು. ಬಿಳಿ ಗಡ್ಡದೋನ್ನ ಹುಡ್ಗ ಅಂತಾಳಲ್ಲ ಅಂತ ನಾನೂ ನಿಮ್ಮಪ್ಪನೂ ಬಿದ್ದು ಬಿದ್ದು ನಗ್ತಿದ್ವಿ. ಅವನ ಹೆಸರೇನಂದೆ?'

'ಏಮಸ್.'

'ಇನ್ನೊಂದ್ಸಲ ಹೇಳೇ.'

ಹೇಳಿದೆ. ಅವಳೂ ಮೆಲ್ಲಗೆ ಹೇಳಿಕೊಂಡಳು, ಏಮಸ್ ತಾತ, ಏಮಸ್ ತಾತ ಅಂತ. ಆಮೇಲೆ ಅಳುವುದಕ್ಕೆ ಶುರುಮಾಡಿದಳು. ರಕ್ತಸಂಬಂಧ ಇಲ್ಲ ಅಂತ ಬೇಜಾರಾಯಿತೇ ಅಂತ ಕೇಳಿಬಿಟ್ಟೆ, ದಡ್ಡಿಯ ಹಾಗೆ.

'ಹುಚ್ಚು ಮುಂಡೇದೆ,' ಅಂದಳು ಅತ್ತೆ, 'ಅವನ ತೊಡೆ ಮೇಲೆ ಬೆಳೆದೋಳು ನಾನು. ಒಂದು ದಿನಾನೂ ಅವನ ಹೆಸರಿಡಿದು ಕರೆದವರನ್ನ ನೋಡ್ಲಿಲ್ಲವಲ್ಲೇ. ಅದಕ್ಕೆ ಅಳ್ತಿದೀನಿ.'

ಸಹಿ ಹಾಕಿದಳು. ಕಲ್ಲು ನಿಲ್ಲಿಸಬೇಕು, ಮೇಲೆ ಅವನ ಹೆಸರು ದೊಡ್ಡದಾಗಿ, ಕೆಳಗೆ ಅಜ್ಜಿಯದು, ಅದರ ಕೆಳಗೆ ಇವರ ಮೊಮ್ಮಗಳು ಲೆಟಿಸ್ ಅಂತ ಬರೆಸು ಅಂದಳು. ನಾರ್ಮನ್ ಬಂದಾಗ ಕೊಂಕು ತೆಗೆದ. ಮೊಮ್ಮಗಳು ಹೇಗಾಗುತ್ತೆ, ಕಲ್ಲಲ್ಲಿ ಸುಳ್ಳು ಕೆತ್ತಿಸೋದಾ ಅಂದ. ಅತ್ತೆ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. 'ಸುಳ್ಳು ಬರೆದಿದ್ದು ಡೈರೆಕ್ಟರಿಯವರು. ನಾನಲ್ಲ,' ಅಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆ ಹೋದಳು. ಹೇಳಿದ ಜಾಗದಲ್ಲೇ ಮಲಗಿಸಿದೆವು, ಕ್ಲಾಗುಗಳನ್ನು ಜೊತೆಗಿಟ್ಟು. ಪೆಪ್ಪರ್‌ಮಿಂಟು ತೆಗೆಯಲಿಲ್ಲ. ಕಲ್ಲು ಬಂದದ್ದು ವಿಟ್ಸನ್ ಹಬ್ಬದ ವಾರ. ಏಮಸ್ ಬರ್ಟ್‌ವೆಲ್ ಅಂತ ಅಚ್ಚುಕಟ್ಟಾಗಿ ಕೆತ್ತಿದ್ದರು. ನಾರ್ಮನ್ ಟೋಪಿ ತೆಗೆದು ನಿಂತ. ನಾನು ಆ ಹೆಸರನ್ನು ಗಟ್ಟಿಯಾಗಿ ಓದಿದೆ, ಗುಡ್ಡದ ಮೇಲೆ ಕೇಳುವವರು ಯಾರೂ ಇರಲಿಲ್ಲ, ಆದರೂ ಓದಿದೆ.

ಇಳಿದು ಬರುವಾಗ ಪೈ ಅಂಗಡಿಗೆ ಹೋದೆ. ಜನ ತುಂಬಿದ್ದರು. ನನ್ನ ಸರದಿ ಬಂದಾಗ, 'ಎರಡು ಕೊಡಿ, ಮಿಸ್ಟರ್ ಕ್ಲೆಗ್' ಅಂದೆ.

ಅವನು ಯಾರನ್ನು ಕರೆದರು ಅಂತ ತಿರುಗಿ ಹಿಂದೆ ನೋಡಿದ.